ಹಿಪ್ಪಲಿ, ಪೆಪ್ಪರ್ ಮತ್ತು ಮೆಣಸಿನ ರಾಣಿ

ತೀರ್ಥಹಳ್ಳಿಯಂಥ ಮಲೆನಾಡಿನ ಪೇಟೆಯಲ್ಲಿ ಗ್ರಂಥಿಗೆ ಅಂಗಡಿಗೆ ಹೋಗಿ ಹಿಪ್ಪಲಿ ಕೇಳಿದರೆ, ಅಂಗಡಿಯವರು ಬೂದುಗಪ್ಪು ಬಣ್ಣದ, ಅಂಗುಲ ಉದ್ದದ ಒಣಕಡ್ಡಿಯಂಥ ಕಾಯಿಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಕೆಮ್ಮಿನ ಕಷಾಯಕ್ಕೆ, ಬಾಣಂತಿಯ ಲೇಹ್ಯಕ್ಕೆ ಬೇಕಾಗುವ ವಸ್ತು ಅದು. ಅಂಥದೇ ಬೀದಿಯ ಗೂಡಂಗಡಿಯಲ್ಲಿ ಗಾಜಿನ ಭರಣಿಯೊಳಗೆ ಪೆಪ್ಪರಮೆಂಟು ಇರುತ್ತದೆ. ಹಿಪ್ಪಲಿಯನ್ನು ಕಂಡರೆ ಮುಖ ತಿರುಗಿಸುವ ಮಕ್ಕಳು ಪೆಪ್ಪರಮೆಂಟಿಗೆ ಕೈಚಾಚುತ್ತಾರೆ. ಈ ಎರಡು ಹೆಸರುಗಳೂ ಒಂದೇ ತಾಯಿಯ ಮಕ್ಕಳು ಎಂದರೆ ಅಂಗಡಿಯವರೂ ನಂಬಲಿಕ್ಕಿಲ್ಲ. ಒಂದು ಮಗು ಮನೆಯಲ್ಲೇ ಉಳಿಯಿತು. ಇನ್ನೊಂದು ಪರ್ಷಿಯಾ, ಗ್ರೀಸ್, ರೋಮ್, ಇಂಗ್ಲೆಂಡ್ ಎಲ್ಲವನ್ನೂ ಸುತ್ತಿ, ಎರಡು ಸಾವಿರ ವರ್ಷಗಳ ನಂತರ ಸಕ್ಕರೆ ಹಚ್ಚಿಕೊಂಡು ವಾಪಸು ಬಂತು.

ಇಂಗ್ಲಿಷಿನ 'ಪೆಪ್ಪರ್' ಶಬ್ದದ ಮೂಲವನ್ನು ಯಾವ ನಿಘಂಟಿನಲ್ಲಿ ಹುಡುಕಿದರೂ ಲ್ಯಾಟಿನ್ನಿನ 'ಪಿಪರ್' ಸಿಗುತ್ತದೆ. ಅದರ ಹಿಂದೆ ಗ್ರೀಕಿನ 'ಪೆಪೆರಿ', ಅದರ ಹಿಂದೆ ಸಂಸ್ಕೃತದ 'ಪಿಪ್ಪಲೀ'. ಅಲ್ಲಿಗೆ ನಿಘಂಟುಕಾರರ ಕೆಲಸ ಮುಗಿಯಿತು. ನಮ್ಮ ಕುತೂಹಲ ಮಾತ್ರ ಅಲ್ಲಿಂದಲೇ ಶುರುವಾಗಬೇಕು. ಏಕೆಂದರೆ ಪಿಪ್ಪಲಿ ಎಂದರೆ ಹಿಪ್ಪಲಿ; ಪೆಪ್ಪರ್ ಎಂದರೆ ಕಾಳುಮೆಣಸು. ಕುಪ್ಪಳ್ಳಿಯ ಕವಿಮನೆಯನ್ನು ನೋಡಲು ಹೋಗುವವರು ದಾರಿಯುದ್ದಕ್ಕೂ ಅಡಿಕೆ ಮರಗಳಿಗೆ ಹಬ್ಬಿದ ಬಳ್ಳಿಯನ್ನು ಕಾಣುತ್ತಾರಲ್ಲ, ಅದರ ಫಲ. ಹಿಪ್ಪಲಿಯೇ ಬೇರೆ, ಮೆಣಸೇ ಬೇರೆ. ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡದ್ದು ಹೇಗೆ?

ಮೊದಲು ಶಬ್ದದ ಪಯಣವನ್ನು ನೋಡೋಣ. ಪಿಪ್ಪಲಿ ಅಥರ್ವವೇದದಲ್ಲೇ ಔಷಧವಾಗಿ ಬರುತ್ತದೆ. ಆಯುರ್ವೇದದ 'ತ್ರಿಕಟು'ವಿನಲ್ಲಿ ಶುಂಠಿ, ಮರಿಚ, ಪಿಪ್ಪಲಿ ಎಂದು ಮೂರನ್ನೂ ಬೇರೆ ಬೇರೆಯಾಗಿಯೇ ಎಣಿಸಿದ್ದಾರೆ. ಮರಿಚವೆಂದರೆ ನಮ್ಮ ಕಾಳುಮೆಣಸು. ನಮ್ಮ ವೈದ್ಯರಿಗೆ ಯಾವ ಗೊಂದಲವೂ ಇರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಕನ್ನಡಕ್ಕೆ ಬಂದ ಪಿಪ್ಪಲಿ 'ಹಿಪ್ಪಲಿ'ಯಾಯಿತು. ಇದರಲ್ಲಿ ಕನ್ನಡದ ಒಂದು ದೊಡ್ಡ ನಿಯಮವೇ ಅಡಗಿದೆ. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲಿನ 'ಪ'ಕಾರ 'ಹ'ಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಆದರೆ ಒತ್ತಕ್ಷರವಾಗಿ ನಿಂತ 'ಪ್ಪ' ಅಲುಗಲಿಲ್ಲ. ಅಪ್ಪ ಅಪ್ಪನಾಗಿಯೇ ಉಳಿದ, ತುಪ್ಪ ತುಪ್ಪವಾಗಿಯೇ ಉಳಿಯಿತು. ಹೀಗಾಗಿ ಪಿಪ್ಪಲಿಯ ಮೊದಲ ಅಕ್ಷರ ಬದಲಾಗಿ ಎರಡನೆಯದು ಉಳಿದುಕೊಂಡಿತು. ಒಂದೇ ತಾಲ್ಲೂಕಿನಲ್ಲಿ ತೀರ್ಥಹಳ್ಳಿಯೂ ಕುಪ್ಪಳ್ಳಿಯೂ ಇರುವುದರ ಗುಟ್ಟು ಇದೇ ಇರಬೇಕು. ಕುಪ್ಪಳ್ಳಿ ಎನ್ನಿ, ಕುಪ್ಪಳಿ ಎನ್ನಿ, ಕೊನೆಯಲ್ಲಿರುವುದು ಹಳೆಯ 'ಪಳ್ಳಿ'ಯೇ ಎಂದು ತೋರುತ್ತದೆ. ಒತ್ತಿನ ಆಸರೆ ಸಿಕ್ಕಿದ್ದರಿಂದ ಅದು ಬದುಕಿಕೊಂಡಿತು. ತೀರ್ಥಹಳ್ಳಿಯ ಪಳ್ಳಿಗೆ ಆ ಆಸರೆ ಇರಲಿಲ್ಲ.

ಪಶ್ಚಿಮಕ್ಕೆ ಹೋದ ಪಿಪ್ಪಲಿಗೆ ಬೇರೆ ಗತಿ. ಗ್ರೀಸಿನ ಹಿಪೊಕ್ರೇಟಿಸನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಗ್ರಂಥಗಳಲ್ಲಿ, ಪರ್ಷಿಯನ್ನರು 'ಪೆಪೆರಿ' ಎಂದು ಕರೆಯುವ ಭಾರತದ ಒಂದು ಔಷಧದ ಮಾತು ಬರುತ್ತದೆ. ಅಂದರೆ ಗ್ರೀಕರಿಗೆ ಈ ಶಬ್ದ ಸಿಕ್ಕಿದ್ದು ಪರ್ಷಿಯನ್ನರ ಬಾಯಿಂದ. ಅಡುಗೆಮನೆಯ ವಸ್ತುವಾಗಿ ಅಲ್ಲ, ಮದ್ದಾಗಿ. 'ಲ'ಕಾರ ಹೋಗಿ 'ರ'ಕಾರ ಬಂದದ್ದು ಈ ದಾರಿಯಲ್ಲೇ ಎಂದು ವಿದ್ವಾಂಸರ ಊಹೆ. 'ಲ'ಕಾರ ಉಳಿಸಿಕೊಂಡ ಇನ್ನೊಂದು ಕವಲು ಅರಬ್ಬರಿಗೆ ಸಿಕ್ಕಿತು. ಅವರಿಗೆ 'ಪ'ಕಾರ ಇಲ್ಲವಾದ್ದರಿಂದ ಅದು 'ಫಿಲ್‌ಫಿಲ್' ಆಯಿತು. ಗ್ರೀಕರ ಪೆಪೆರಿಯನ್ನು ರೋಮನ್ನರು 'ಪಿಪರ್' ಎಂದರು. ಮುಂದೆ ಫ್ರೆಂಚರ ಪುವಾವ್ರ್, ಇಟಲಿಯವರ ಪೇಪೆ, ಜರ್ಮನರ ಫೆಫರ್ ಎಲ್ಲಕ್ಕೂ ಇದೇ ತಾಯಿಬೇರು. ಸ್ಲಾವ್ ಭಾಷೆಗಳ ಮೂಲಕ ಹಂಗೇರಿಗೆ ಹೋಗಿ 'ಪಾಪ್ರಿಕಾ' ಆದದ್ದೂ ಇದೇ.

ಜರ್ಮನರ ಉಚ್ಚಾರವನ್ನು ಗಮನಿಸಿ. ಅವರಲ್ಲಿಯೂ 'ಪ'ಕಾರ ಸಡಿಲಗೊಂಡಿದೆ. ಅವರ ಭಾಷೆಯಲ್ಲಿ ಈ ಮಾರ್ಪಾಡು ನಡೆದದ್ದು ಆರು–ಏಳನೆಯ ಶತಮಾನಗಳ ಸುಮಾರಿಗೆ. ಮೆಣಸಿನ ಹೆಸರೂ ಅದಕ್ಕೆ ಸಿಕ್ಕಿದೆ ಎಂದರೆ, ಅದಕ್ಕೂ ಮೊದಲೇ ಆ ಶಬ್ದ ಜರ್ಮನರ ನಾಲಗೆಯ ಮೇಲೆ ಕೂತಿತ್ತು ಎಂದಾಯಿತು. ಶಬ್ದ ಬಂದ ಕಾಲವನ್ನು ಭಾಷಾಶಾಸ್ತ್ರಜ್ಞರು ನಿರ್ಣಯಿಸುವುದು ಹೀಗೆ. ಕನ್ನಡದ ಹಿಪ್ಪಲಿಯೂ ಅಂಥದೇ ಸಾಕ್ಷಿ.

ಇಂಗ್ಲೆಂಡಿನ ನೆಲಕ್ಕೆ ಈ ಶಬ್ದ ಎರಡು ಸಲ ಬಂತು. ಮೊದಲು ಬಂದದ್ದು ರೋಮನ್ ಸೈನಿಕರ ಜೊತೆ. ಬ್ರಿಟನ್ನಿನ ಉತ್ತರದ ಗಡಿಯಲ್ಲಿ ವಿಂಡೊಲಾಂಡಾ ಎಂಬ ರೋಮನ್ ಕೋಟೆಯಿತ್ತು. 1973ರಿಂದ ಅಲ್ಲಿನ ಕೆಸರಿನಲ್ಲಿ ಪೋಸ್ಟ್ ಕಾರ್ಡಿನಷ್ಟು ಅಗಲದ ತೆಳು ಮರದ ಹಲಗೆಗಳು ಸಿಗುತ್ತಿವೆ. ಕ್ರಿ.ಶ. 100ರ ಆಸುಪಾಸಿನವು. ಮಸಿಯಲ್ಲಿ ಬರೆದ ಪತ್ರಗಳು, ಲೆಕ್ಕಪತ್ರಗಳು. ಒಂದು ಹಲಗೆಯ ಲೆಕ್ಕದಲ್ಲಿ ಟಾಪ್ಪೋನ ಮಗ ಗಂಬಾಕ್ಸ್ ಎಂಬವನ ಹೆಸರಿದೆ. ಅದರ ಮುಂದೆ ಮೆಣಸು, 2 ದಿನಾರಿ ಎಂದಿದೆ. ಅಂಗಡಿಯವನ ಸಾಲದ ಪುಸ್ತಕವಿದ್ದಂತೆ. ಭಾರತದ ಕರಾವಳಿಯ ಬೆಟ್ಟಗಳಲ್ಲಿ ಬಿಸಿಲಿಗೆ ಒಣಗಿದ ಕಾಳು, ಮಂಜು ಸುರಿಯುವ ಗಡಿಯಲ್ಲಿ ಕಾವಲು ಕಾಯುತ್ತಿದ್ದ ಸೈನಿಕನೊಬ್ಬನ ಊಟಕ್ಕೆ ಬಿದ್ದಿತ್ತು. ರೋಮನ್ನರು ಬ್ರಿಟನ್ ಬಿಟ್ಟುಹೋದ ಮೇಲೆ ಜರ್ಮನಿಯ ಕಡೆಯಿಂದ ಬಂದ ಆಂಗ್ಲೋ–ಸ್ಯಾಕ್ಸನ್ನರು ತಮ್ಮೊಡನೆ 'ಪಿಪೋರ್' ಎಂಬ ರೂಪವನ್ನು ತಂದರು. ಇಂದಿನ ಪೆಪ್ಪರ್ ಆ ಎರಡನೆಯ ಸಲದ್ದು. 735ರಲ್ಲಿ ತೀರಿಕೊಂಡ ಬೀಡ್ ಎಂಬ ಪಂಡಿತ ಸನ್ಯಾಸಿ ಸಾಯುವ ಮುನ್ನ ತನ್ನ ಪೆಟ್ಟಿಗೆಯಲ್ಲಿದ್ದ ಸ್ವಲ್ಪ ಆಸ್ತಿಯನ್ನು ಜೊತೆಯವರಿಗೆ ಹಂಚಿದನಂತೆ. ಮೆಣಸು, ಕೆಲವು ಕರವಸ್ತ್ರಗಳು, ಧೂಪ, ಅಷ್ಟೇ.

ಈಗ ಹೆಸರು ಅದಲುಬದಲಾದ ಪ್ರಶ್ನೆಗೆ ಬರೋಣ. ರೋಮನ್ನರಿಗೆ ಮೂರು ಬಗೆಯ ಪಿಪರ್ ಗೊತ್ತಿತ್ತು: ಉದ್ದನೆಯದು, ಬಿಳಿಯದು, ಕರಿಯದು. ಉದ್ದನೆಯದು ಹಿಪ್ಪಲಿ. ಉಳಿದೆರಡೂ ನಮ್ಮ ಮೆಣಸೇ. ಕ್ರಿ.ಶ. 77ರ ಸುಮಾರಿಗೆ ತನ್ನ 'ಪ್ರಕೃತಿ ಚರಿತ್ರೆ'ಯನ್ನು ಬರೆದ ಪ್ಲಿನಿ ಅವುಗಳ ಬೆಲೆ ಕೊಟ್ಟಿದ್ದಾನೆ. ಒಂದು ಪೌಂಡು ಹಿಪ್ಪಲಿಗೆ 15 ದಿನಾರಿ, ಬಿಳಿ ಮೆಣಸಿಗೆ 7, ಕರಿ ಮೆಣಸಿಗೆ 4. ಹಿಪ್ಪಲಿಯೇ ಹಿರಿಯಕ್ಕ, ಮೆಣಸು ಅಗ್ಗದ ತಂಗಿ. ಔಷಧವಾಗಿ ಮೊದಲು ಪರಿಚಯವಾದದ್ದು ಹಿಪ್ಪಲಿ. ಆಮೇಲೆ ಹಡಗುಗಟ್ಟಲೆ ಬಂದು ಅಡುಗೆಮನೆ ಹೊಕ್ಕದ್ದು ಕಾಳುಮೆಣಸು. ಖಾರದಲ್ಲಿ ಎರಡೂ ಒಂದೇ ಜಾತಿಯವೆಂದು ಅಕ್ಕನ ಹೆಸರನ್ನೇ ತಂಗಿಗೂ ಇಟ್ಟರು. ಕಾಲಕ್ರಮದಲ್ಲಿ ಅಕ್ಕ ಯುರೋಪಿನ ಅಡುಗೆಮನೆಯಿಂದ ಮಾಯವಾದಳು. ಹೆಸರು ತಂಗಿಯ ಪಾಲಿಗೇ ಖಾಯಮ್ಮಾಯಿತು.

ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ತೋಟವನ್ನು ಕಣ್ಣಾರೆ ನೋಡದೆ ಬರೆದದ್ದು. ಮೂರೂ ಒಂದೇ ಮರದ ಫಲವೆಂದು ಪ್ಲಿನಿ ತಿಳಿದಿದ್ದ. ಕೋಡು ಬಿರಿಯುವ ಮೊದಲೇ ಕಿತ್ತು ಒಣಗಿಸಿದರೆ ಉದ್ದ ಮೆಣಸು, ಬಿರಿದಾಗ ಒಳಗೆ ಕಾಣುವುದು ಬಿಳಿ ಮೆಣಸು, ಅದು ಬಿಸಿಲಿಗೆ ಸುಕ್ಕುಗಟ್ಟಿದರೆ ಕರಿ ಮೆಣಸು ಎಂಬುದು ಅವನ ವಿವರಣೆ. ನಮ್ಮ ತೋಟದವರು ಇದನ್ನು ಕೇಳಿದರೆ ನಕ್ಕಾರು. ಮೆಣಸಿನ ಬಳ್ಳಿಯಲ್ಲಿ ಕೋಡು ಎಲ್ಲಿಂದ ಬರಬೇಕು? ಇಳಿಬಿದ್ದ ಕರೆಯಲ್ಲಿ ಕಾಳುಗಳು ಸರ ಪೋಣಿಸಿದಂತೆ ಕೂತಿರುತ್ತವೆ. ಒಂದು ತಳಿಗೆ ಮಲ್ಲಿಗೆಸರ ಎಂದೂ ಇನ್ನೊಂದಕ್ಕೆ ಉದ್ದಕರೆ ಎಂದೂ ಹೆಸರಿಟ್ಟವರು ಅದನ್ನು ದಿನವೂ ನೋಡುವವರು. ಕರೆಯಲ್ಲಿ ಒಂದೆರಡು ಕಾಳು ಕೆಂಪಾಗುತ್ತಲೇ ಏಣಿ ಹಾಕಿ ಕೊಯ್ದು, ಕಾಳು ಬಿಡಿಸಿ, ಅಂಗಳದಲ್ಲಿ ಹರವಿದರೆ ನಾಲ್ಕೈದು ಬಿಸಿಲಿಗೆ ಸಿಪ್ಪೆ ಸುಕ್ಕಾಗಿ ಕರಿದಾಗುತ್ತದೆ. ಪೂರ್ತಿ ಹಣ್ಣಾದದ್ದನ್ನು ನೀರಿನಲ್ಲಿ ನೆನೆಸಿ ಸಿಪ್ಪೆ ತಿಕ್ಕಿ ತೆಗೆದರೆ ಬಿಳಿ ಮೆಣಸು. ಪ್ಲಿನಿಗೆ ಬಿಳಿ ಮತ್ತು ಕರಿ ಮೆಣಸು ಒಂದೇ ಗಿಡದ್ದೆಂದು ತಿಳಿದದ್ದೇ ದೊಡ್ಡದು ಎನ್ನಬೇಕು.

ಅವನಿಗೆ ಮೆಣಸಿನ ಮೇಲೆ ಸಿಟ್ಟೂ ಇತ್ತು. ಸಿಹಿಯಾಗಿದೆ ಎಂದೋ ನೋಡಲು ಚೆಂದವಾಗಿದೆ ಎಂದೋ ಜನ ಒಂದು ವಸ್ತುವನ್ನು ಬಯಸಬಹುದು. ಬರೀ ಖಾರ ಎಂಬ ಒಂದೇ ಗುಣಕ್ಕಾಗಿ ಭಾರತದವರೆಗೂ ಹೋಗುವುದೇ ಎಂದು ಅವನ ಆಕ್ಷೇಪ. ಪ್ರತಿವರ್ಷ ಭಾರತಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆ ಎಂದು ಗೊಣಗಿದ್ದಾನೆ. ಆ ಹಣದ ಚೂರುಪಾರು ನಮ್ಮ ನೆಲದಲ್ಲೂ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಕ್ರಿ.ಶ. 92ರಲ್ಲಿ ಡೊಮಿಶಿಯನ್ ಚಕ್ರವರ್ತಿ ರೋಮಿನಲ್ಲಿ ಮೆಣಸಿಗಾಗಿಯೇ ಉಗ್ರಾಣ ಕಟ್ಟಿಸಿದ. ಕೆಂಪು ಸಮುದ್ರದ ದಡದ ಬೆರೆನಿಕೆ ಎಂಬ ಹಳೆಯ ಬಂದರಿನಲ್ಲಿ 1999ರಲ್ಲಿ ಅಗೆತ ನಡೆದಾಗ, ದೇವಾಲಯದ ಆವರಣದಲ್ಲಿ ಹೂತಿದ್ದ ಭಾರತದ ಮಣ್ಣಿನ ಹರವಿಯೊಂದರಲ್ಲಿ ಏಳೂವರೆ ಕಿಲೋ ಕರಿಮೆಣಸು ಇದ್ದಂತೆಯೇ ಸಿಕ್ಕಿತು. ಇನ್ನೂ ಹಿಂದಕ್ಕೆ ಹೋದರೆ, ಕ್ರಿ.ಪೂ. 1213ರಲ್ಲಿ ಸತ್ತ ಈಜಿಪ್ಟಿನ ಎರಡನೆಯ ರ‍್ಯಾಮ್ಸೆಸ್ ದೊರೆಯ ಮಮ್ಮಿಯ ಮೂಗಿನೊಳಗೆ ಮೆಣಸಿನ ಕಾಳುಗಳಿದ್ದವು. ಆಗ ರೋಮ್ ಎಂಬ ಊರೇ ಇರಲಿಲ್ಲ.

ರೋಮನ್ನರ ಸುಂಕದ ಪಟ್ಟಿಯಲ್ಲಿ ಒಂದು ಸೋಜಿಗವಿದೆ. ಎರಡನೆಯ ಶತಮಾನದ ಆ ಪಟ್ಟಿಯಲ್ಲಿ ಹಿಪ್ಪಲಿಗೂ ಬಿಳಿ ಮೆಣಸಿಗೂ ಸುಂಕವಿದೆ. ಕರಿ ಮೆಣಸಿನ ಹೆಸರೇ ಇಲ್ಲ. ಅಷ್ಟು ಹೊತ್ತಿಗೆ ಅದು ಉಪ್ಪಿನಂತೆ ಎಲ್ಲರ ಮನೆಯ ವಸ್ತುವಾಗಿತ್ತು ಎಂದು ಅರ್ಥಮಾಡಬಹುದು. ಗಂಬಾಕ್ಸನಂಥ ಸಾಮಾನ್ಯನ ಲೆಕ್ಕದಲ್ಲಿ ಮೆಣಸು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 408ರಲ್ಲಿ ಗಾಥರ ನಾಯಕ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟುಹೋಗಲು ಚಿನ್ನ ಬೆಳ್ಳಿ ರೇಷ್ಮೆಗಳ ಜೊತೆಗೆ 3000 ಪೌಂಡು ಮೆಣಸನ್ನೂ ಕೇಳಿ ಪಡೆದ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಮನಸ್ಸಿಗೆ ಬರುತ್ತದೆ. ಪಶ್ಚಿಮಕ್ಕೆ ಹೋದ ಮೆಣಸು ಬೆಳೆದದ್ದು ಪಶ್ಚಿಮ ಘಟ್ಟದಲ್ಲಿ. ಅದನ್ನು ಬೆಳೆದವರು, ಕೊಯ್ದವರು, ಹೊತ್ತು ಘಟ್ಟ ಇಳಿಸಿದವರು ಆಡುತ್ತಿದ್ದದ್ದು ದ್ರಾವಿಡ ಭಾಷೆಗಳನ್ನು. ಕನ್ನಡದ ಮೆಣಸು, ತಮಿಳಿನ ಮಿಳಗು, ಮಲಯಾಳದ ಮುಳಗು, ತುಳುವಿನ ಮುಣ್ಚಿ ಎಲ್ಲ ಒಂದೇ ಮನೆತನದವು. ಈ ಶಬ್ದಗಳಲ್ಲಿ ಒಂದೂ ಹಡಗು ಹತ್ತಲಿಲ್ಲ. ಸರಕು ಇಲ್ಲಿಯದು, ಹೆಸರು ಬೇರೆ ಕಡೆಯದು. ಹಾಗೆಂದು ನಮ್ಮ ಶಬ್ದಗಳು ಹಡಗು ಹತ್ತಿದ್ದೇ ಇಲ್ಲ ಎನ್ನಬಾರದು. ಇಂಗ್ಲಿಷಿನ 'ಜಿಂಜರ್' ಲ್ಯಾಟಿನ್ನಿನ ಜಿಂಗಿಬೆರ್‌ನಿಂದ ಬಂತು; ಅದರ ಬುಡದಲ್ಲಿರುವುದು ದ್ರಾವಿಡದ ಇಂಜಿ ಮತ್ತು ಬೇರು. ಅಡಿಕೆಯ ಇಂಗ್ಲಿಷ್ ಹೆಸರಾದ 'ಅರೆಕಾ' ಮಲಯಾಳದ ಅಡಯ್ಕದಿಂದ ಪೋರ್ಚುಗೀಸರು ಎತ್ತಿಕೊಂಡದ್ದು. ಲಿನೇಯಸ್ ಅದಕ್ಕೇ ಲ್ಯಾಟಿನ್ ಅಂಗಿ ತೊಡಿಸಿ ಸಸ್ಯಶಾಸ್ತ್ರದ ಹೆಸರು ಮಾಡಿದ. ಅಂದಮೇಲೆ ಮಲೆನಾಡಿನ ಒಂದು ತೋಟದಲ್ಲಿ ಮರದ ಲ್ಯಾಟಿನ್ ಹೆಸರು ದಕ್ಷಿಣದ್ದು, ಅದಕ್ಕೆ ಹಬ್ಬಿದ ಬಳ್ಳಿಯದು ಉತ್ತರದ್ದು. 1753ರಲ್ಲಿ ಲಿನೇಯಸ್ ಕಾಳುಮೆಣಸನ್ನು 'ಪಿಪರ್ ನೈಗ್ರಮ್' ಎಂದ, ಹಿಪ್ಪಲಿಯನ್ನು 'ಪಿಪರ್ ಲಾಂಗಮ್' ಎಂದ. ವೀಳ್ಯದೆಲೆಯ ಬಳ್ಳಿಯೂ ಇದೇ 'ಪಿಪರ್' ಕುಲಕ್ಕೆ ಸೇರಿತು. ಎಲೆಯ ಆಕಾರ ನೋಡಿದವರಿಗೆ ಈ ನಂಟು ಹೇಳಿಕೊಡಬೇಕಾಗಿಲ್ಲ.

ಮಲೆನಾಡಿನ ಇತಿಹಾಸದಲ್ಲಿ ಮೆಣಸಿಗಾಗಿ ರಾಜ್ಯಗಳೇ ಎದ್ದಿವೆ, ಬಿದ್ದಿವೆ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ಕಣ್ಣು ಕರಾವಳಿಯ ಒಂದೊಂದು ಬಂದರಿನ ಮೇಲೂ ಬಿತ್ತು. ಹೊನ್ನಾವರ, ಭಟ್ಕಳ, ಬಸರೂರುಗಳಿಗೆ ಘಟ್ಟದ ಮೇಲಿನ ಮೆಣಸು ಇಳಿದುಬರುತ್ತಿತ್ತು. ಆ ಹಾದಿಯನ್ನು ಹಿಡಿದುಕೊಂಡಿದ್ದವಳು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ. 1552ರಿಂದ ಸುಮಾರು 1606ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದವಳು. ಪೋರ್ಚುಗೀಸರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಶರಾವತಿಯ ಕಣಿವೆಯ ಮೇಲೆ, ಇಂದಿನ ಸಾಗರ ತಾಲ್ಲೂಕಿನ ದಟ್ಟ ಕಾಡಿನೊಳಗೆ ಪಾಳುಬಿದ್ದಿರುವ ಕಾನೂರು ಕೋಟೆ ಅವಳದೆಂದು ಹೇಳುತ್ತಾರೆ. (ಕಾನೂರು ಎಂದೊಡನೆ ಕುವೆಂಪು ಅವರ ಹೆಗ್ಗಡಿತಿಯನ್ನು ನೆನೆಯಬೇಡಿ. ಆ ಕಾನೂರು ಕಾದಂಬರಿಯದು. ಕಾನುಗಳ ಸೀಮೆಯಲ್ಲಿ ಕಾನೂರುಗಳಿಗೆ ಬರವೆ?) ಕಾನು ಎಂದರೆ ಸದಾ ಹಸಿರಾಗಿರುವ ದಟ್ಟ ಕಾಡು. ಸಾಗರ, ಸೊರಬ, ಹೊಸನಗರದ ಕಡೆಯ ಕಾನುಗಳಲ್ಲಿ ಮೆಣಸಿನ ಬಳ್ಳಿ ತಾನಾಗಿಯೇ ಬೆಳೆಯುತ್ತಿತ್ತು. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 'ಮೆಣಸು ಕಾನು' ಎಂಬ ಹೆಸರನ್ನೇ ಕೇಳಿ ಬರೆದುಕೊಂಡಿದ್ದಾನೆ.

ಪೋರ್ಚುಗೀಸರು ಚೆನ್ನಭೈರಾದೇವಿಗೆ 'ರೈನ್ಯ ದ ಪಿಮೆಂತ' ಎಂದು ಹೆಸರಿಟ್ಟರು. ಮೆಣಸಿನ ರಾಣಿ. ಈ ಬಿರುದಿನ ಎರಡು ಶಬ್ದಗಳನ್ನೂ ಬಿಡಿಸಿ ನೋಡಬೇಕು. 'ರೈನ್ಯ' ಲ್ಯಾಟಿನ್ನಿನ 'ರೆಜೀನಾ'ದಿಂದ ಬಂದದ್ದು. ನಮ್ಮ 'ರಾಣಿ' ಸಂಸ್ಕೃತದ 'ರಾಜ್ಞೀ'ಯಿಂದ ಬಂದದ್ದು. ರೆಜೀನಾ, ರಾಜ್ಞೀ ಎರಡಕ್ಕೂ ಬೇರು ಒಂದೇ. ಸಾವಿರಾರು ವರ್ಷ ಹಿಂದೆ ಅಗಲಿದ ಬಳಗದವರು ಗೇರುಸೊಪ್ಪೆಯಲ್ಲಿ ಗುರುತಿಲ್ಲದೆ ಎದುರಾದರು. 'ಪಿಮೆಂತ'ಕ್ಕೆ ಮಾತ್ರ ಪಿಪರ್ ಜೊತೆ ಸಂಬಂಧವಿಲ್ಲ. ಅದು ಲ್ಯಾಟಿನ್ನಿನ 'ಪಿಗ್ಮೆಂಟಮ್', ಅಂದರೆ ಬಣ್ಣ. ಬಣ್ಣದ ಪುಡಿ, ಮದ್ದಿನ ಪುಡಿ, ಸಂಬಾರದ ಪುಡಿ ಎಂದು ಅರ್ಥ ಜಾರುತ್ತ ಬಂದು ಕೊನೆಗೆ ಮೆಣಸಿನ ಮೇಲೆ ನಿಂತಿತು. ಅಷ್ಟಕ್ಕೂ ಇದು ಕೊಳ್ಳುವವರು ಇಟ್ಟ ಹೆಸರು. ತಮ್ಮೂರಿನ ವ್ಯಾಪಾರಿಗಳಿಗೆ ಅವಳು ಯಾವ ಸರಕಿನವಳು ಎಂದು ತಿಳಿದರೆ ಸಾಕಾಗಿತ್ತು. ಅರ್ಧ ಶತಮಾನ ರಾಜ್ಯವಾಳಿದವಳನ್ನು ಇಂದು ನಾವೂ 'ಕಾಳುಮೆಣಸಿನ ರಾಣಿ' ಎಂದೇ ಹೆಮ್ಮೆಯಿಂದ ಕರೆಯುತ್ತೇವೆ. ಕೆಳದಿಯ ದೊರೆಗಳನ್ನು ಯಾರೂ ಮೆಣಸಿನ ರಾಜರೆಂದು ಕರೆಯಲಿಲ್ಲ. ಅವಳಿಂದ ಮೆಣಸಿನ ಸೀಮೆಯನ್ನು ಕಸಿದುಕೊಂಡವರು ಅವರೇ.

ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ ಮೇಲೆ ಮೆಣಸಿಗೆ ಅವನೇ ಯಜಮಾನನಾದ. 1623ರ ಅಕ್ಟೋಬರಿನಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಗೆ ಹೊರಟ. ಜೊತೆಗೆ ದೇಶ ನೋಡುವ ಹಂಬಲದ ಒಬ್ಬ ಶ್ರೀಮಂತ ಪ್ರವಾಸಿ ಬಂದ. ಹೆಸರು ಪಿಯೆತ್ರೊ ದೆಲ್ಲ ವಲ್ಲೆ, ಊರು ರೋಮ್. ಪ್ಲಿನಿ ಗೊಣಗಿದ ಸುಮಾರು ಹದಿನೈದೂವರೆ ಶತಮಾನಗಳ ನಂತರ ರೋಮಿನವನೊಬ್ಬ ಮೆಣಸು ಬೆಳೆಯುವ ನೆಲಕ್ಕೇ ಬಂದಿದ್ದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗ ಆ ಊರು ಆಗಲೇ ಹಾಳಾಗಿ, ಅರಮನೆಯ ಮೇಲೆ ಗಿಡಮರ ಬೆಳೆದಿತ್ತು. ಇಲ್ಲಿನ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎನ್ನುತ್ತಿದ್ದರು ಎಂದು ಅವನು ತನ್ನ ಪತ್ರದಲ್ಲಿ ಬರೆದ. ಅವಳ ಚಾರಿತ್ರ್ಯದ ಬಗ್ಗೆ ಯಾರೋ ಹೇಳಿದ ಗಾಳಿಮಾತನ್ನೂ ಸೇರಿಸಿದ. ಸೋತವರ ಮೇಲೆ ಗೆದ್ದವರ ಊರಿನಲ್ಲಿ ಹುಟ್ಟುವ ಕಥೆಗಳಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಬೇಕು. ಅವನ ಕಣ್ಣು ಮಾತ್ರ ಚುರುಕಾಗಿತ್ತು. ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ವಿವರವಾಗಿ ಬರೆದಿದ್ದಾನೆ. ಮರಳಿನ ಮೇಲೆ ಮಗ್ಗಿ ತಿದ್ದಿದ ನಮ್ಮ ಹಿರಿಯರಿಗೆ ಅದು ತಮ್ಮದೇ ಚಿತ್ರವೆನ್ನಿಸಬಹುದು.

ಕೆಳದಿಯವರ ರಾಜಧಾನಿ ಇಕ್ಕೇರಿಯಿಂದ ಹೊಸನಗರದ ಬಿದನೂರಿಗೆ ಹೋಯಿತು. ತೀರ್ಥಹಳ್ಳಿಯ ಕವಲೇದುರ್ಗ ಅವರ ಗಟ್ಟಿ ನೆಲೆಯಾಗಿತ್ತು. ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಓಡಿಸಿದ. ಆಮೇಲೆ ಡಚ್ಚರು ಬಂದರು, ಇಂಗ್ಲಿಷರು ಬಂದರು. ಎಲ್ಲರಿಗೂ ಬೇಕಾದದ್ದು ಅದೇ ಕಾಳು.

ಅಷ್ಟರಲ್ಲಿ ಪೋರ್ಚುಗೀಸರ ಹಡಗುಗಳು ಇಲ್ಲಿಗೆ ಇನ್ನೊಂದು ಖಾರವನ್ನು ತಂದಿದ್ದವು. ಅಮೆರಿಕ ಖಂಡದ ಗಿಡ, ಬದನೆಯ ಕುಟುಂಬದ್ದು. ಮೆಣಸಿನ ಬಳ್ಳಿಗೂ ಅದಕ್ಕೂ ಯಾವ ನಂಟೂ ಇಲ್ಲ. ಮೆಣಸು ಹುಡುಕಿಕೊಂಡು ಹೊರಟು ತಪ್ಪಿ ಅಮೆರಿಕಕ್ಕೆ ಹೋದ ಕೊಲಂಬಸನ ಕಡೆಯವರು ಅದನ್ನೂ ಮೆಣಸೆಂದೇ ಕರೆದರು. ಹಾಗಾಗಿ ಇಂಗ್ಲಿಷಿನಲ್ಲಿ ಅದಕ್ಕೂ 'ರೆಡ್ ಪೆಪ್ಪರ್' ಎಂಬ ಹೆಸರಾಯಿತು. ಕನ್ನಡಿಗರು ಮಾಡಿದ್ದೂ ಅದನ್ನೇ. ಹೊಸ ಕಾಯಿಗೆ ಮೆಣಸಿನಕಾಯಿ ಎಂದರು. ಹಿಪ್ಪಲಿಯ ಹೆಸರನ್ನು ಮೆಣಸು ನುಂಗಿದಂತೆ, ಮೆಣಸಿನ ಹೆಸರನ್ನು ಮೆಣಸಿನಕಾಯಿ ನುಂಗತೊಡಗಿತು. ಮಲೆನಾಡಿನಲ್ಲಿ ಇಂದು ಬರೀ 'ಮೆಣಸು' ಎಂದರೆ ಬಹುಮಟ್ಟಿಗೆ ಒಣಮೆಣಸಿನಕಾಯಿಯೇ. ಸೂಜಿಮೆಣಸು, ಜೀರಿಗೆ ಮೆಣಸು ಎಂದರೂ ಅದರ ಜಾತಿಯವೇ. ಮನೆಯ ಹಿರಿಯಳು ತನ್ನ ಹೆಸರಿಗೆ ಗುರುತು ಸೇರಿಸಿಕೊಳ್ಳಬೇಕಾಯಿತು: ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು. ತುಳುವಿನಲ್ಲಿ ಎಡ್ಡೆ ಮುಣ್ಚಿ, ಮಲಯಾಳದಲ್ಲಿ ನಲ್ಲ ಮುಳಗು, ಕೊಡವರಲ್ಲಿ ನಲ್ಲಮಳು. ಎಲ್ಲದರ ಅರ್ಥವೂ 'ಒಳ್ಳೆಯ ಮೆಣಸು'. ನಾಲ್ಕು ಭಾಷೆಯವರು ಕೂಡಿ ಮಾತಾಡಿಕೊಂಡವರಂತೆ ಹಳೆಯದಕ್ಕೇ 'ಒಳ್ಳೆಯದು' ಎಂದರು. ಹೊಸ ಮೆಣಸಿನ ಖಾರ ಹೊಟ್ಟೆ ಉರಿಸಿದ್ದು ಕಾರಣವಿರಬಹುದು. 'ಕಾಳುಮೆಣಸು' ಎಂಬುದಂತೂ ಇಂಗ್ಲಿಷಿನ 'ಪೆಪ್ಪರ್‌ಕಾರ್ನ್' ಶಬ್ದದ ಜೋಡಿ. ಅಲ್ಲಿನ ಕಾರ್ನ್ ಎಂದರೆ ಕಾಳು. ಯಾರೂ ಯಾರನ್ನೂ ನೋಡಿ ಬರೆದದ್ದಲ್ಲ.

ಆ ಪೆಪ್ಪರ್‌ಕಾರ್ನ್‌ಗೆ ಇಂಗ್ಲಿಷ್ ಕಾನೂನಿನಲ್ಲಿ ಒಂದು ವಿಚಿತ್ರ ಜಾಗವಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಪೌಂಡು ಮೆಣಸು ಎಂದರೆ ಗೌರವದ ಗೇಣಿ. ಲಂಡನ್ನಿನಲ್ಲಿ ಮೆಣಸಿನ ವ್ಯಾಪಾರಿಗಳ ಸಂಘವೊಂದು 1180ರಲ್ಲೇ ಇತ್ತು. ಅದರ ಮುಂದುವರಿಕೆಯೇ ದಿನಸಿ ವ್ಯಾಪಾರಿಗಳ ಹೆಸರಾಂತ ಸಂಘ. ಮೆಣಸು ಅಗ್ಗವಾದ ಮೇಲೆ, ಒಂದು ಕಾಳು ಮೆಣಸಿನ ಬಾಡಿಗೆ ಎಂದರೆ ಹೆಸರಿಗೆ ಮಾತ್ರದ ಬಾಡಿಗೆ ಎಂಬ ಅರ್ಥ ಬಂತು. ಬರ್ಮುಡಾ ದ್ವೀಪದ ಹಳೆಯ ಸರಕಾರಿ ಕಟ್ಟಡವೊಂದಕ್ಕೆ 1816ರಿಂದ ವರ್ಷಕ್ಕೆ ಒಂದೇ ಕಾಳು ಮೆಣಸು ಬಾಡಿಗೆ. ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಮೆರವಣಿಗೆಯಲ್ಲಿ ಒಪ್ಪಿಸುತ್ತಾರೆ. ಸಾಗರದ ಕಡೆಯವರಿಗೆ ಇದು ತಮಾಷೆಯಾಗಿ ಕೇಳೀತೋ ಕಹಿಯಾಗಿ ಕೇಳೀತೋ ಹೇಳುವುದು ಕಷ್ಟ. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಜಗಳ ಹುಟ್ಟಿ, 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಇದೇ ತಾಲ್ಲೂಕಿ‌ನಲ್ಲಿ. ಕೊಳಗದಲ್ಲಿ ಒಂದು ಸೇರು ಹೆಚ್ಚು ಕಡಿಮೆಯಾದರೂ ಒಂದು ಮನೆಯ ಊಟದ ಪ್ರಶ್ನೆಯಾಗಿತ್ತು ಅಲ್ಲಿ.

ಪೆಪ್ಪರಮೆಂಟಿನ ಲೆಕ್ಕ ಬಾಕಿ ಇದೆ. ಪುದೀನದ ಜಾತಿಯ ಒಂದು ಗಿಡದ ಎಲೆಗೆ ಮೆಣಸಿನಂತೆ ನಾಲಗೆ ಚುರುಗುಟ್ಟಿಸುವ ಗುಣವಿತ್ತು. ಇಂಗ್ಲಿಷರು ಅದನ್ನು ಪೆಪ್ಪರ್‌ಮಿಂಟ್ ಎಂದರು. ಮಿಂಟ್ ಲ್ಯಾಟಿನ್ನಿನ 'ಮೆಂಥಾ'. ಎರಡೂ ತುಂಡು ರೋಮಿನದೇ. ಅದರ ಎಣ್ಣೆ ಹಾಕಿ ಮಾಡಿದ ಸಕ್ಕರೆ ಬಿಲ್ಲೆಗೆ ಅದೇ ಹೆಸರು ನಿಂತು, ನಮ್ಮಲ್ಲಿ ಯಾವ ಮಿಠಾಯಿಯಾದರೂ ಪೆಪ್ಪರಮೆಂಟೇ ಆಯಿತು. ಅದರಲ್ಲಿ ಮೆಣಸೂ ಇಲ್ಲ, ಹಿಪ್ಪಲಿಯೂ ಇಲ್ಲ. ಈಚಿನ ಅನೇಕವುಗಳಲ್ಲಿ ಪುದೀನವೂ ಇಲ್ಲ. ಅಮೆರಿಕದವರು ಪೆಪ್ಪರನ್ನು ಇನ್ನೂ ಕತ್ತರಿಸಿ, ಉತ್ಸಾಹ ಎಂಬ ಅರ್ಥದಲ್ಲಿ 'ಪೆಪ್' ಮಾಡಿಕೊಂಡಿದ್ದಾರೆ. ಪಿಪ್ಪಲಿಯಲ್ಲಿ ಇನ್ನು ಕತ್ತರಿಸಲು ಉಳಿದದ್ದು ಹೆಚ್ಚಿಲ್ಲ.

ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಕಾಳುಮೆಣಸನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಕರ್ನಾಟಕ. ಅದರಲ್ಲಿ ದೊಡ್ಡ ಪಾಲು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ಸೊರಗು ರೋಗ ಬಂದರೆ ಒಂದೇ ಮಳೆಗಾಲದಲ್ಲಿ ಬಳ್ಳಿಗಳು ಸಾಲುಸಾಲಾಗಿ ಹೋಗುತ್ತವೆ. ಉಳಿದ ಬಳ್ಳಿಯ ಕಾಳಿಗೆ ಬೆಲೆ ಎಷ್ಟು ಎಂಬುದನ್ನು ಈಗ ಗೇರುಸೊಪ್ಪೆಯೂ ನಿರ್ಧರಿಸುವುದಿಲ್ಲ, ಲಿಸ್ಬನ್ನೂ ನಿರ್ಧರಿಸುವುದಿಲ್ಲ. ಜಗತ್ತಿನ ಅತಿ ದೊಡ್ಡ ಬೆಳೆಗಾರ ದೇಶ ವಿಯೆಟ್ನಾಂ. ಅಗ್ಗದ ಮೆಣಸು ಒಳಬರುವುದನ್ನು ತಡೆಯಲು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ಆಮದಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಗೊತ್ತುಮಾಡಬೇಕಾಯಿತು. ವಿಯೆಟ್ನಾಮಿನವರು ಮೆಣಸಿಗೆ 'ಹೊ ತಿಯು' ಎನ್ನುತ್ತಾರೆ. ಚೀನೀಯರ 'ಹು ಜಿಯಾವ್' ಅದರ ಮೂಲ. 'ಜಿಯಾವ್' ಚೀನದಲ್ಲೇ ಬೆಳೆಯುವ ಇನ್ನೊಂದು ಖಾರದ ಕಾಳಿನ ಹೆಸರು, 'ಹು' ಎಂದರೆ ಪರದೇಶದವರು.